ಅಪ್ಪಯ್ಯನ ಇಂಗ್ಲೆಂಡು

ನಾನು ಬೆಳೆದ ಮನೆಗೆ ಎರಡು ಅಡುಗೆಮನೆಗಳಿದ್ದವು. ಒಂದು ಎಸ್ಟೇಟ್ ಬಂಗಲೆಯದು. ಇನ್ನೊಂದು ಬಂಗಲೆಯ ಹಿಂದೆ ಆಳುಗಳಿಗೆಂದು ಕಟ್ಟಿಸಿದ್ದ ಎರಡು ಕೋಣೆಗಳ ನಮ್ಮ ಮನೆಯದು. ನಡುವೆ ಇಪ್ಪತ್ತು ಹೆಜ್ಜೆಯ ಅಂಗಳ. ಬಂಗಲೆಯ ಅಡುಗೆಮನೆಯಲ್ಲಿ ನನ್ನ ಎದೆಯೆತ್ತರದ ಕಬ್ಬಿಣದ ಒಲೆಯಿತ್ತು. ಅದಕ್ಕೊಂದು ಬಾಗಿಲು, ಬಾಗಿಲಿನೊಳಗೆ ಬ್ರೆಡ್ಡು ಬೇಯುತ್ತಿತ್ತು. ನಮ್ಮದರಲ್ಲಿ ಮಣ್ಣಿನ ಒಲೆ, ರೊಟ್ಟಿ ಹಂಚು, ಗೂಡಿನಲ್ಲಿ ದೇವರ ಪಟ. ಅಲ್ಲಿ ಅಪ್ಪಯ್ಯ, ಇಲ್ಲಿ ಅವ್ವ. ಅಪ್ಪಯ್ಯ ಅಲ್ಲಿನ ಅಡುಗೆ ಮುಗಿಸಿ ಇಲ್ಲಿಗೆ ಉಣ್ಣಲು ಬರುವ ಹೊತ್ತಿಗೆ ಅವ್ವ ಹೊಸಿಲಿನಾಚೆ ಚೊಂಬಿನಲ್ಲಿ ನೀರಿಟ್ಟಿರುತ್ತಿದ್ದಳು. ಬಿಳಿ ಕೋಟು ಬಿಚ್ಚಿ ಹೊರಗಿನ ಗೂಟಕ್ಕೆ ನೇತುಹಾಕಿ, ಕೈಕಾಲು ಮುಖ ತೊಳೆದೇ ಅವನು ಒಳಗೆ ಬರಬೇಕು. ಬಂಗಲೆಯಲ್ಲಿ ವಾರಕ್ಕೊಮ್ಮೆ ದನದ ಮಾಂಸ ಬೇಯುತ್ತಿತ್ತು. ಅಪ್ಪಯ್ಯ ಅದನ್ನು ತಿನ್ನುತ್ತಿರಲಿಲ್ಲ, ರುಚಿ ಕೂಡ ನೋಡುತ್ತಿರಲಿಲ್ಲ, ಉಪ್ಪು ಹಿಡಿದಿದೆಯೋ ಇಲ್ಲವೋ ಎಂದು ಹಬೆಯ ವಾಸನೆಯಲ್ಲೇ ಹೇಳುತ್ತಿದ್ದ. ಆದರೆ ಮುಟ್ಟಿದ ಕೈ ಮುಟ್ಟಿದ್ದೇ ಎನ್ನುವುದು ಅವ್ವನ ವಾದ. ನಾನು ಮಾತ್ರ ಅಂಗಳ ದಾಟಿ ಎರಡೂ ಕಡೆ ತಿನ್ನುತ್ತಿದ್ದೆ. ಅಲ್ಲಿ ಬೆಣ್ಣೆ ಸವರಿದ ಬ್ರೆಡ್ಡು, ಮೊಟ್ಟೆ ಹಾಲು ಹುಯ್ದು ಬೇಯಿಸಿದ ಪುಡಿಂಗು. ಇಲ್ಲಿ ಕಡುಬು, ಹುರುಳಿಕಾಳಿನ ಸಾರು. ಬಾಯಿ ಒರೆಸಿಕೊಂಡು ಬಂದರೂ ಅವ್ವನಿಗೆ ಗೊತ್ತಾಗುತ್ತಿತ್ತು.

ಹೆಗ್ಗದ್ದೆಯಿಂದ ಮೇಲಕ್ಕೆ ಎರಡು ಮೈಲಿ ಹತ್ತಿದರೆ ನಮ್ಮ ಎಸ್ಟೇಟು. ಸುತ್ತಲಿನ ತೋಟಗಳ ದೊರೆಗಳೆಲ್ಲ ಮಾರಿ ಹೊರಟುಹೋದ ಮೇಲೂ ನಮ್ಮ ಬಂಗಲೆಯಲ್ಲಿ ಒಬ್ಬರು ಉಳಿದುಕೊಂಡಿದ್ದರು. ಎಡಿತ್ ಎಂದು ಅವರ ಹೆಸರು. ಎಲ್ಲರೂ ಕರೆಯುತ್ತಿದ್ದದ್ದು ದೊರೆಸಾನಿ ಎಂದು. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ತೋಟ ಕೊಂಡುಕೊಂಡ ಗೌಡರು, ದೊರೆಸಾನಿ ಇರುವ ತನಕ ಬಂಗಲೆ ಅವರದ್ದೇ ಎಂದು ಮಾತು ಕೊಟ್ಟಿದ್ದರು. ಒಬ್ಬ ಮುದುಕಿಗಾಗಿ ಅಪ್ಪಯ್ಯ ಇಡೀ ಒಂದು ದೇಶವನ್ನು ದಿನವೂ ನಡೆಸುತ್ತಿದ್ದ. ಆರೂವರೆಗೆ ಹಾಸಿಗೆಗೆ ಟೀ. ಎಂಟಕ್ಕೆ ಗಂಜಿಯಂಥ ಓಟ್ಸು ಮತ್ತು ಮೂರೇ ನಿಮಿಷ ಬೇಯಿಸಿದ ಮೊಟ್ಟೆ. ಹನ್ನೊಂದಕ್ಕೆ ಕಾಫಿ, ಒಂದಕ್ಕೆ ಊಟ, ನಾಲ್ಕಕ್ಕೆ ಮತ್ತೆ ಟೀ, ಅದರ ಜೊತೆ ಸೌತೆಕಾಯಿ ಇಟ್ಟ ತೆಳುವಾದ ಬ್ರೆಡ್ಡು. ನಾರಂಗಿ ಕಾಯಿ ಬಿಡುವ ಕಾಲದಲ್ಲಿ ಅದರ ಸಿಪ್ಪೆ ಹೆಚ್ಚಿ ಕಹಿ ಜಾಮು ಕಾಯಿಸಿ ಗಾಜಿನ ಭರಣಿಗಳಿಗೆ ತುಂಬುತ್ತಿದ್ದ. ಅಪ್ಪಯ್ಯ ಸಕಲೇಶಪುರದಿಂದ ಆಚೆಗೆ ಹೋದವನಲ್ಲ. ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದದ್ದು ಅಡುಗೆಯ ಹೆಸರುಗಳು ಮತ್ತು ಯೆಸ್ ಮೇಡಂ. ಹೆಗ್ಗದ್ದೆಯ ಅಂಗಡಿ ಕಟ್ಟೆಯ ಮೇಲೆ ಕೂತಾಗ ಮಾತ್ರ ಅವನು ಇಂಗ್ಲೆಂಡನ್ನು ಕಣ್ಣಾರೆ ಕಂಡವನಂತೆ ವರ್ಣಿಸುತ್ತಿದ್ದ.

"ನಮ್ ದೊರೆಸಾನಿ ಅಂದ್ರೆ ಏನಂದ್ಕಂಡಿದ್ದೀರ? ಅವ್ರು ರಾಜ್ರ ಕಡೇರು ಮಾರಾಯ. ಅವ್ರ ಮನೆ ಮೆಟ್ಲು ಅಮೃತಶಿಲೆದು. ಊಟಕ್ ಕೂತ್ರೆ ಒಬ್ಬೊಬ್ರಿಗೂ ಹಿಂದೆ ಒಬ್ಬೊಬ್ಬ ಆಳು ನಿಂತಿರ್ಬೇಕು."

ಕೂತವರು ಬೀಡಿ ಎಳೆಯುತ್ತ ಕೇಳುತ್ತಿದ್ದರು. ನಾನು ಅವನ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದೆ. ಯಾಕೆಂದರೆ ನಿಜ ನನಗೆ ಗೊತ್ತಿತ್ತು.

ಸ್ಕೂಲಿನಿಂದ ಬಂದವಳು ನಾಲ್ಕು ಗಂಟೆಗೆ ದೊರೆಸಾನಿಯ ಎದುರು ಬೆತ್ತದ ಸ್ಟೂಲಿನ ಮೇಲೆ ಕೂರಬೇಕಿತ್ತು. ಅವರು ನನಗೆ ಇಂಗ್ಲಿಷ್ ಓದು ಕಲಿಸುತ್ತಿದ್ದರು. ಓದು ಅರ್ಧ ಗಂಟೆ, ಉಳಿದದ್ದು ಕಥೆ. ಅವರ ಕನ್ನಡ ತೋಟದ ಹೆಣ್ಣಾಳುಗಳಿಂದ ಕಲಿತದ್ದು, ಹೀಗಾಗಿ ಗೌಡರಿಗೂ ನನಗೂ ಒಂದೇ ಏಕವಚನ. ತಮ್ಮ ಊರಿನ ಮಾತು ಬಂದಾಗ ಮಾತ್ರ ಅವರ ದನಿ ತಗ್ಗುತ್ತಿತ್ತು.

"ನಮ್ದು ಸಣ್ಣ ಮನೆ ಪುಟ್ಟಿ. ಈ ಗೋಡೆ ನಮ್ದು, ಇದೇ ಗೋಡೆ ಪಕ್ಕದ ಮನೇದು. ಹಂಗೇ ಸಾಲಾಗಿ ನಲವತ್ತು ಮನೆ. ನಿಮ್ ಲೈನ್ ಐತಲ್ಲ, ಅದೇ ತರ."

ತೋಟದಾಳುಗಳಿಗೆ ಸಾಲಾಗಿ ಕಟ್ಟಿಸಿದಂಥ ಲೈನ್ ಮನೆಯಲ್ಲಿ ದೊರೆಸಾನಿ ಹುಟ್ಟಿದವರೆಂದು ನಂಬಲು ನನಗೆ ಬಹಳ ದಿನ ಹಿಡಿಯಿತು. ಕುದುರೆ ಗಾಡಿಯಲ್ಲಿ ಹಾಲು ಬರುತ್ತಿತ್ತಂತೆ, ಜಗ್ಗು ಹಿಡಿದು ಓಡಬೇಕಂತೆ. ಕಲ್ಲಿದ್ದಲು ಮಾರುವವನು ಬಂದು ಹೋದರೆ ಬೀದಿಯಲ್ಲಿ ಬಿದ್ದ ಚೂರುಗಳನ್ನು ಮಕ್ಕಳು ಆರಿಸಿ ತರುತ್ತಿದ್ದರಂತೆ. ಶನಿವಾರ ಮಾತ್ರ ಸ್ನಾನ. ಒಲೆಯ ಮುಂದೆ ತಗಡಿನ ತೊಟ್ಟಿ ಇಟ್ಟು ಬಿಸಿನೀರು ತುಂಬಿದರೆ ಮೊದಲು ಅಪ್ಪ, ಆಮೇಲೆ ಅಣ್ಣತಮ್ಮಂದಿರು, ಆಮೇಲೆ ಎಡಿತ್, ಕೊನೆಗೆ ಅದೇ ನೀರಿಗೆ ಅವರಮ್ಮ. ಶುಕ್ರವಾರ ಎಣ್ಣೆಯಲ್ಲಿ ಕರಿದ ಮೀನು, ಆಲೂಗೆಡ್ಡೆ, ಪೇಪರಿನಲ್ಲಿ ಸುತ್ತಿದ್ದು. ಭಾನುವಾರ ಮಾಂಸ ಹುರಿದರೆ ಬಾಣಲೆಯ ತಳದ ಜಿಡ್ಡನ್ನು ಬಟ್ಟಲಿಗೆ ಬಳಿದಿಟ್ಟು, ವಾರವೆಲ್ಲ ಅದನ್ನೇ ಬ್ರೆಡ್ಡಿಗೆ ಸವರಿಕೊಳ್ಳುವುದು. ಅವರಮ್ಮ ಬೆಳಗಾಗೆದ್ದು ಮಂಡಿಯೂರಿ ಬೀದಿ ಬಾಗಿಲಿನ ಮೆಟ್ಟಿಲು ತಿಕ್ಕಿ, ಒಂದು ಥರದ ಕಲ್ಲಿನಿಂದ ಅದರ ಅಂಚಿಗೆ ಬಿಳಿ ಬಳಿಯುತ್ತಿದ್ದರಂತೆ. ಯಾರ ಮನೆ ಮೆಟ್ಟಿಲು ಬೆಳ್ಳಗಿಲ್ಲವೋ ಆ ಹೆಂಗಸಿನ ಬಗ್ಗೆ ಇಡೀ ಸಾಲು ಆಡಿಕೊಳ್ಳುತ್ತಿತ್ತಂತೆ. ನನಗೆ ಇದು ಬಾಗಿಲಿಗೆ ಸಾರಿಸಿ ರಂಗೋಲಿ ಇಟ್ಟ ಹಾಗೆ ಅನ್ನಿಸಿತು, ಹಾಗೇ ಹೇಳಿದೆ. ದೊರೆಸಾನಿ ಸಂತೋಷಪಟ್ಟರು. ಮೊನ್ನೆ ಮೊಮ್ಮಗಳು ಯಾವುದೋ ಹಳೆಯ ಇಂಗ್ಲೆಂಡಿನ ಫೋಟೋಗಳನ್ನು ಫೋನಿನಲ್ಲಿ ತೋರಿಸುತ್ತಿದ್ದಾಗ ಅಂಥದೇ ಒಬ್ಬ ಹೆಂಗಸು ಬಕೆಟ್ಟಿನ ಪಕ್ಕ ಮಂಡಿಯೂರಿದ್ದಳು. "ಅಜ್ಜಿ, ಇದೇನು ಮಾಡ್ತಿದಾಳೆ?" ಎಂದಳು ಹುಡುಗಿ. ನಲವತ್ತು ವರ್ಷ ಆಲೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ನಾನು ಫೋನು ಇಸಿದುಕೊಂಡು ಆ ಮೆಟ್ಟಿಲಿನ ಅಂಚನ್ನು ದೊಡ್ಡದು ಮಾಡಿ ನೋಡಿದೆ.

ದೊರೆಸಾನಿ ಇನ್ನೊಂದನ್ನೂ ಹೇಳಿದ್ದರು. ಸೋಮವಾರ ಸೋಮವಾರ ಅವರ ಮನೆ ತುಂಬ ಬೇರೆಯವರ ಬಟ್ಟೆ. ಅವರಮ್ಮ ದೊಡ್ಡ ಮನೆಗಳ ಬಟ್ಟೆ ತಂದು ಹಂಡೆಯಲ್ಲಿ ಕುದಿಸಿ, ಎರಡು ಉರುಳೆಗಳ ನಡುವೆ ಹಿಂಡಿ, ಒಣಗಿಸಿ, ಇಸ್ತ್ರಿ ಮಾಡಿ ಒಪ್ಪಿಸುತ್ತಿದ್ದರು. ಉರುಳೆಯ ಹಿಡಿ ತಿರುಗಿಸುವುದು ಎಡಿತ್ ಕೆಲಸ. ತೋಟಕ್ಕೆ ಮೇಸ್ತ್ರಿಯಾಗಿ ಬಂದ ಹುಡುಗನನ್ನು ಮದುವೆಯಾಗಿ ಹಡಗು ಹತ್ತಿ ಬಂದ ಮೇಲೆ ಇಲ್ಲಿನವರು ಅವರನ್ನು ದೊರೆಸಾನಿ ಎಂದು ಕರೆದರು, ಅವರು ಬೇಡವೆನ್ನಲಿಲ್ಲ, ಅಷ್ಟೆ. "ನಿಮ್ ಅಪ್ಪಂಗೆ ಹೇಳ್ಬೇಡ" ಎಂದು ನನ್ನ ಕೈ ಹಿಡಿದು ಹೇಳಿದರು. ಅಪ್ಪಯ್ಯನಿಗೆ ನಾನು ಹೇಳಲಿಲ್ಲ. ಅವ್ವನಿಗೆ ಹೇಳಿದೆ. ಒಂದು ಸಂಜೆ ತಲೆ ಬಾಚಿಸಿಕೊಳ್ಳುತ್ತ, ಅವಳನ್ನು ನಗಿಸಬೇಕೆಂಬ ಆಸೆಗೆ ಹೇಳಿಬಿಟ್ಟೆ. ಅವ್ವ ನಗಲಿಲ್ಲ. ಬಾಚಣಿಗೆ ನಿಲ್ಲಿಸಿ, "ಹೌದಾ?" ಎಂದಳು, ಮತ್ತೆ ಬಾಚಿದಳು.

ಅದೇ ವರ್ಷ ಯಸಳೂರಿನಲ್ಲಿ ಅವ್ವನ ಅಣ್ಣನ ಮಗಳ ಮದುವೆ. ಮಾವನ ಮನೆ ಅಂಗಳದಲ್ಲಿ ಚಪ್ಪರ ಹಾಕಿ ಪಂಕ್ತಿ ಕೂರಿಸಿದ್ದರು. ಅಪ್ಪಯ್ಯ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮೊದಲ ಪಂಕ್ತಿಯಲ್ಲಿ ಬೀಗರ ಪಕ್ಕ ಕೂತ. ಬಡಿಸುವವರು ನಾಲ್ಕು ಎಲೆ ದಾಟಿ ಅವನ ಎಲೆಯ ಹತ್ತಿರ ಬಂದಾಗ ಬೀಗರ ಕಡೆಯ ಒಬ್ಬ ಮುದುಕ ಎದ್ದು ನಿಂತ. ಅವನ ಹಿಂದೆ ಇನ್ನಿಬ್ಬರು ಎದ್ದರು. ಮಾವ ಓಡಿ ಬಂದು ಅಪ್ಪಯ್ಯನ ಕಿವಿಯ ಹತ್ತಿರ ಬಗ್ಗಿದ.

"ಬಾವ, ತಪ್ಪು ತಿಳ್ಕಬೇಡಿ. ಒಂದಿನದ ಮಟ್ಟಿಗೆ. ಒಳಗ್ ಬನ್ನಿ, ಕೊಟ್ಟಿಗೆ ಕಡೆ ಎಲೆ ಹಾಕುಸ್ತೀನಿ."

ಅಪ್ಪಯ್ಯ ಎದ್ದು ಹೋದ. ಕೊಟ್ಟಿಗೆಯ ಪಕ್ಕ ಒಬ್ಬನೇ ಕೂತು ಉಂಡ. ನಾನು ಅವನ ಎದುರು ಕೂತೆ, ಆದರೆ ನನಗೆ ಯಾರೂ ಎಲೆ ಹಾಕಲಿಲ್ಲ. ಅವ್ವ ಹೆಂಗಸರ ಪಂಕ್ತಿಯಲ್ಲಿ ಎಲೆಯ ಮುಂದೆ ಕೈ ಕಟ್ಟಿ ಕೂತಿದ್ದವಳು ಒಂದು ಅಗುಳೂ ಮುಟ್ಟಲಿಲ್ಲ. ಮನೆಗೆ ಬಂದು ದೀಪ ಹಚ್ಚಿದ ಮೇಲೆ ಅಪ್ಪಯ್ಯನೇ ಮಾತು ಶುರು ಮಾಡಿದ.

"ಅವ್ರಿಗೇನ್ ಗೊತ್ತು ಬುಡು. ರಾಜ್ರ ಮನೆತನದೋರಿಗೆ ಬಡ್ಸೋ ಕೈ ಕಣೇ ಇದು. ನಿಮ್ಮಣ್ಣ ಏಳ್ ಜನ್ಮ ಎತ್ತಿದ್ರೂ ಅಂಥ ಮನೆ ಹೊಸ್ಲು ತುಳಿಯಲ್ಲ."

"ಯಾವ್ ರಾಜ್ರು?" ಎಂದಳು ಅವ್ವ. "ಅವ್ರವ್ವ ಕಂಡೋರ್ ಮನೆ ಬಟ್ಟೆ ಒಗ್ದು ಮಕ್ಳು ಸಾಕಿದ್ದಂತೆ! ಅವ್ರೂ ಲೈನ್ ಮನೇಲೇ ಹುಟ್ಟಿದ್ದಂತೆ! ಅಂಥೋರ್ಗೆ ದನ ಬೇಯ್ಸಿ ಹಾಕಿ ನೀನು ನಮ್ಮೋರ ಮುಂದೆ ಕೊಟ್ಟಿಗೇಲಿ ಉಂಡೆ. ಸುಳ್ಳಾ ನಿಜಾನಾ, ನಿನ್ ಮಗ್ಳನ್ನೇ ಕೇಳು."

ಅಪ್ಪಯ್ಯ ನನ್ನ ಕಡೆ ತಿರುಗಿದ. ಸಿಟ್ಟು ಇರಲಿಲ್ಲ ಅವನ ಮುಖದಲ್ಲಿ. ಇಲ್ಲ ಅನ್ನು ಎಂದು ಬೇಡಿಕೊಳ್ಳುವ ಮುಖ ಅದು ಎಂದು ಈಗ ಹೊಳೆಯುತ್ತದೆ. ಆಗ ನನಗೆ ಹತ್ತು ವರ್ಷ.

"ಹೌದೇನವ್ವ?"

"ಹೂಂ" ಎಂದೆ.

ಅವನು ಹೊಡೆಯಲಿಲ್ಲ, ಬಯ್ಯಲಿಲ್ಲ. ಹೊರಗೆ ಹೋಗಿ ಗೂಟದಲ್ಲಿದ್ದ ಬಿಳಿ ಕೋಟು ತೆಗೆದು, ಜಗಲಿಯ ಮೇಲೆ ಹರಡಿ, ಸುಕ್ಕು ನೀವಿ ನೀವಿ ಮಡಚಿದ. ಮಾರನೆಯ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಟೀ ಒಯ್ದ. ದೊರೆಸಾನಿಗೆ ಯಾವ ವ್ಯತ್ಯಾಸವೂ ಕಾಣಿಸಿರಲಿಕ್ಕಿಲ್ಲ. ಆದರೆ ಅಂದಿನಿಂದ ಅವನು ಹೆಗ್ಗದ್ದೆಯ ಅಂಗಡಿ ಕಟ್ಟೆಗೆ ಹೋಗುವುದನ್ನು ಬಿಟ್ಟ. ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ಅಡುಗೆಮನೆಯಲ್ಲಿ ನಾನು ಸ್ಟೂಲು ಎಳೆದು ಕೂತರೆ ಬ್ರೆಡ್ಡಿನ ತುಂಡು ಮುಂದಿಟ್ಟು ಬೆನ್ನು ತಿರುಗಿಸುತ್ತಿದ್ದ. ಒಂದು "ಹೂಂ"ನಿಂದ ಏನಾಗುತ್ತದೆ ಎಂದು ನಾನು ಕಲಿತದ್ದು ಆ ಬೆನ್ನನ್ನು ನೋಡಿ. ಆಮೇಲಿನ ನನ್ನ ಇಡೀ ಬದುಕಿನಲ್ಲಿ ಯಾರು ಏನು ಕೇಳಿದರೂ ತಕ್ಷಣ ಉತ್ತರ ಕೊಟ್ಟವಳಲ್ಲ. ಮೇಷ್ಟ್ರುಗಳು ಇದನ್ನು ಗಾಂಭೀರ್ಯ ಎಂದರು. ಗಂಡ ಜಂಬ ಎಂದ.

ಮರುವರ್ಷದಿಂದ ದೊರೆಸಾನಿಗೆ ಮರೆವು ಹತ್ತಿತು. ಮೊದಲು ಕನ್ನಡಕ, ಬೀಗದ ಕೈ. ಆಮೇಲೆ ನನ್ನ ಹೆಸರು. ನಾಲ್ಕು ಗಂಟೆಗೆ ನಾನು ಹೋದರೆ ನನ್ನನ್ನು ಮೇ ಎಂದು ಕರೆಯುತ್ತಿದ್ದರು. ಮೇ ಎಂದರೆ ಅವರ ತಂಗಿ, ಸಣ್ಣವಳಿದ್ದಾಗಲೇ ಗಂಟಲು ಬೇನೆಯಿಂದ ಸತ್ತವಳು. ಹಾಲಿನ ಗಾಡಿ ಬಂತೇ ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಅಳುತ್ತಿದ್ದರು, ಬಂತು ಎಂದರೆ ಜಗ್ಗು ಎಲ್ಲಿ ಎನ್ನುತ್ತಿದ್ದರು. ಅಪ್ಪಯ್ಯ ಒಂದು ಜಗ್ಗಿನಲ್ಲಿ ಹಾಲು ತುಂಬಿಸಿ ನನ್ನ ಕೈಗೆ ಕೊಟ್ಟು, ಮುಂಬಾಗಿಲಿನಿಂದ ಒಳಗೆ ತರಲು ಹೇಳುತ್ತಿದ್ದ. ನಾನು ಹಾಗೇ ಮಾಡುತ್ತಿದ್ದೆ.

ಕಾಫಿ ಹಣ್ಣು ಕೊಯ್ಯುವ ಕಾಲದ ಒಂದು ಬೆಳಿಗ್ಗೆ, ಬಿಸಿಲು ಏರಿ ಆಳುಗಳು ಬಂಗಲೆಯ ಮುಂದಿನ ದಾರಿಯಲ್ಲಿ ಬುಟ್ಟಿ ಹಿಡಿದು ಸಾಲಾಗಿ ಹೊರಟಿದ್ದರು. ಗೌಡರು ಲೆಕ್ಕ ಬರೆಯುವ ರೈಟರ ಜೊತೆ ಹಾಜರಿ ನೋಡುತ್ತ ನಿಂತಿದ್ದರು. ಅವರೆಲ್ಲರ ಎದುರು ದೊರೆಸಾನಿ ಬಕೆಟ್ಟು ಹಿಡಿದು ಹೊರಗೆ ಬಂದರು. ಮೆಟ್ಟಿಲ ಮೇಲೆ ಮಂಡಿಯೂರಿ, ಗೌನು ಎತ್ತಿಕಟ್ಟಿ, ಬ್ರಷ್ಷಿನಿಂದ ತಿಕ್ಕತೊಡಗಿದರು. ಹೆಣ್ಣಾಳುಗಳು ನಿಂತುಬಿಟ್ಟರು. ಯಾರೋ ಕಿಸಕ್ಕೆಂದರು. ಗೌಡರು ಮುಖ ಆಚೆ ತಿರುಗಿಸಿದರು. ನಾನು ಒಳಗೆ ಓಡಿ ಅಪ್ಪಯ್ಯನನ್ನು ಕರೆತಂದೆ. ಅವನು ಬಂದು ನೋಡಿ ಒಂದು ಗಳಿಗೆ ಹೊಸಿಲ ಮೇಲೆಯೇ ನಿಂತ. ಮೂವತ್ತು ವರ್ಷ ಅವನು ಯಾರನ್ನು ರಾಜರ ಕಡೆಯವರೆಂದು ಊರಿಗೆಲ್ಲ ಹೇಳಿದ್ದನೋ ಅವರ ಹಿಮ್ಮಡಿ ಬಿಸಿಲಿಗೆ ಕೆಂಪಗೆ ಕಾಣುತ್ತಿತ್ತು.

"ಅಮ್ಮ, ಏಳಿ. ಇದ್ ನನ್ ಕೆಲ್ಸ."

ದೊರೆಸಾನಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅಪ್ಪಯ್ಯ ನನ್ನ ಮುಖ ನೋಡಿದ. ಏಳು ಗಂಟೆಯೊಳಗೆ ಮೆಟ್ಟಿಲು ಬೆಳ್ಳಗಾಗದಿದ್ದರೆ ಅಮ್ಮ ಬಯ್ಯುತ್ತಾಳಂತೆ, ಎಂದೆ.

ಅಪ್ಪಯ್ಯ ಬಿಳಿ ಕೋಟಿನಲ್ಲೇ ಅವರ ಪಕ್ಕ ಮಂಡಿಯೂರಿ, ಮೆಲ್ಲಗೆ ಬ್ರಷ್ಷು ಬಿಡಿಸಿಕೊಂಡು ತಿಕ್ಕಿದ. ಒಂಬತ್ತು ಮೆಟ್ಟಿಲುಗಳನ್ನೂ ತಿಕ್ಕಿ, ಅಡುಗೆಮನೆಯಿಂದ ಸುಣ್ಣ ತರಿಸಿ ಅಂಚಿಗೆ ಬಳಿದ. ದೊರೆಸಾನಿ ಪಕ್ಕದಲ್ಲಿ ನಿಂತು ಬೆರಳು ತೋರಿಸುತ್ತಿದ್ದರು. ಕೊಯ್ಲಿಗೆಂದು ತಾನೂ ಸಾಲಿನಲ್ಲಿದ್ದ ಅವ್ವ ತನ್ನ ಬುಟ್ಟಿ ಕೆಳಗಿಟ್ಟು ಹೆಂಗಸರ ಕಡೆ ತಿರುಗಿದಳು.

"ಏನ್ ನೋಡ್ತೀರೆ? ವಯಸ್ಸಾದೋರ್ನ ಕಂಡಿಲ್ವಾ? ನಡೀರಿ ಕೆಲ್ಸಕ್ಕೆ."

ಅವ್ವ ದೊರೆಸಾನಿಯ ಪರವಾಗಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಅಪ್ಪಯ್ಯ ಕೇಳಿಸಿಕೊಂಡನೋ ಇಲ್ಲವೋ ತಿಳಿಯದು. ಆಮೇಲೆ ದಿನವೂ ಅವನೇ ಮೆಟ್ಟಿಲು ತಿಕ್ಕಿದ, ಎಲ್ಲರಿಗೂ ಕಾಣುವಂತೆ, ಬೆಳಗಿನ ಹೊತ್ತೇ.

ಗೌಡರು ದೊರೆಸಾನಿಯ ತಮ್ಮನ ಮಗನಿಗೆ ಕಾಗದ ಬರೆದರು. ನಾಲ್ಕು ತಿಂಗಳ ಮೇಲೆ ಆ ಅಳಿಯ ಬಂದ. ಒಳ್ಳೆಯ ಮನುಷ್ಯ. ಗಡ್ಡ ಬಿಟ್ಟಿದ್ದ, ಬಿಸಿಲಿಗೆ ಮೂಗು ಸುಲಿದಿತ್ತು. ಬಂಗಲೆಯಲ್ಲಿ ನಾಲ್ಕು ದಿನ ಇದ್ದ. ಅಪ್ಪಯ್ಯ ತನಗೆ ಬರುವುದನ್ನೆಲ್ಲ ಮಾಡಿದ. ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿದ ಮಾಂಸ, ಬಟ್ಟೆಯಲ್ಲಿ ಕಟ್ಟಿ ಆರು ತಾಸು ಬೇಯಿಸಿದ ಪುಡಿಂಗು, ಬೆಳ್ಳಿ ಪಾತ್ರೆಯಲ್ಲಿ ಸಾಸು. ಅವನು ತಿಂದು ಕಣ್ಣರಳಿಸಿ ನನ್ನ ಮೂಲಕ ಹೇಳಿಸಿದ: ಇಂಥ ಊಟ ನಾನು ಮಗುವಾಗಿದ್ದಾಗ ಅಜ್ಜಿಯ ಮನೆಯಲ್ಲಿ ಉಂಡದ್ದು, ಈಗ ನಮ್ಮಲ್ಲಿ ಯಾರೂ ಇದನ್ನು ಮಾಡುವುದೂ ಇಲ್ಲ, ಉಣ್ಣುವುದೂ ಇಲ್ಲ. ಅಪ್ಪಯ್ಯ ಕೇಳಿ ತಲೆಯಾಡಿಸಿದ, ತಟ್ಟೆ ಎತ್ತಿಕೊಂಡು ಒಳಗೆ ಹೋದ. ಅತ್ತೆಯ ಹಳೆಯ ಬೀದಿ ಈಗ ಹೇಗಿದೆ ಎಂದು ನಾನು ಕೇಳಿದೆ. ಅದು ಇಲ್ಲ, ಎಂದ ಅವನು. ಅರ್ಧ ಯುದ್ಧದಲ್ಲಿ ಬಾಂಬು ಬಿದ್ದು ಹೋಯಿತು, ಉಳಿದರ್ಧವನ್ನು ಕೆಡವಿ ಎತ್ತರದ ಕಟ್ಟಡ ಕಟ್ಟಿದ್ದಾರೆ. ಅವರನ್ನು ಎಲ್ಲಿ ಇಡುತ್ತೀರಿ ಎಂದೆ. ಸಮುದ್ರದ ಹತ್ತಿರ ವಯಸ್ಸಾದವರ ಮನೆಯೊಂದಿದೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ, ಎಂದ.

ಹೊರಡುವ ದಿನ ದೊರೆಸಾನಿ ಜೀಪು ಹತ್ತಲಿಲ್ಲ. ಬಾಗಿಲಿನ ಕಂಬ ತಬ್ಬಿಕೊಂಡರು. ಅಳಿಯ ಹೇಳಿದ, ಗೌಡರು ಹೇಳಿದರು, ಕೇಳಲಿಲ್ಲ. ಕೊನೆಗೆ ಗೌಡರು ನನ್ನನ್ನು ಕರೆದರು.

"ಪುಟ್ಟಿ, ನೀನ್ ಹೇಳಿದ್ರೆ ಕೇಳ್ತಾರೆ. ಏನಾದ್ರೂ ಹೇಳವ್ವ. ರೈಲು ತಪ್ಪೋಗುತ್ತೆ."

ನಾನು ಹೋಗಿ ಅವರ ಕೈ ಹಿಡಿದೆ. ಮನೆಗೆ ಹೋಗೋಣ ಎಡಿತ್, ಎಂದೆ ಇಂಗ್ಲಿಷಿನಲ್ಲಿ. ನಮ್ಮ ಬೀದಿಗೆ. ಮೆಟ್ಟಿಲು ತಿಕ್ಕಬೇಕಲ್ಲ, ಅಮ್ಮ ಕಾಯುತ್ತಿದ್ದಾಳೆ. ಅವರು ಕಂಬ ಬಿಟ್ಟರು. ನನ್ನ ಕೈ ಹಿಡಿದುಕೊಂಡೇ ಜೀಪಿನವರೆಗೆ ನಡೆದು, ಮಗುವಿನ ಹಾಗೆ ಹತ್ತಿ ಕೂತರು. ಆ ಬೀದಿ ಇಲ್ಲವೆಂದು ನನಗೆ ಗೊತ್ತಿತ್ತು. ಅಪ್ಪಯ್ಯ ಜೀಪಿನ ಇನ್ನೊಂದು ಬದಿಗೆ ಹೋಗಿ, ಅಳಿಯನ ಮುಂದೆ ಕೈ ಜೋಡಿಸಿ, ಜೀವಮಾನದಲ್ಲೇ ಉದ್ದದ ಇಂಗ್ಲಿಷ್ ವಾಕ್ಯ ಆಡಿದ.

"ಸಾರ್, ಐ ಕಮ್. ಮೇಡಂ ನೋ ಈಟ್ ಅದರ್ ಹ್ಯಾಂಡ್."

ಅಳಿಯನಿಗೆ ಅರ್ಥವಾಯಿತೋ ಇಲ್ಲವೋ. ಅಪ್ಪಯ್ಯನ ಜೋಡಿಸಿದ ಕೈಗಳನ್ನು ಬಿಡಿಸಿ, ಒಂದನ್ನು ಹಿಡಿದು ಬಲವಾಗಿ ಕುಲುಕಿದ. ಥ್ಯಾಂಕ್ ಯೂ, ಎಂದ. ಜೀಪು ಹೊರಟಿತು.

ಬಂಗಲೆಗೆ ಗೌಡರ ಮಗ ಸೊಸೆ ಬಂದರು. ಕಬ್ಬಿಣದ ಒಲೆ ಕಿತ್ತು ಗುಜರಿಗೆ ಹಾಕಿ ಗ್ಯಾಸು ತಂದರು. ಅಪ್ಪಯ್ಯನಿಗೆ ಸಾರು ಹುಳಿ ಮಾಡಲು ಬರುತ್ತಿರಲಿಲ್ಲ. ಬೇರೆ ಬಂಗಲೆಗಳಲ್ಲಿ ಕೇಳಿದ, ಸಕಲೇಶಪುರದ ಒಂದು ಹೋಟೆಲಿನಲ್ಲಿ ಕೇಳಿದ. ಎಲ್ಲರೂ ಒಳ್ಳೆಯ ಮಾತಾಡಿ ಕಳಿಸಿದರು. ಗೌಡರು ಅವನನ್ನು ಕಾಫಿ ಒಣಗಿಸುವ ಕಣಕ್ಕೆ ಹಾಕಿದರು. ಉದ್ದ ಹಿಡಿಯ ಮರದ ಹಲುಬೆ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಕಾಫಿ ಬೀಜ ಕೆದಕಿ ಕೆದಕಿ ಹರಡುವುದು. ಹನ್ನೊಂದು ಗಂಟೆಗೆ ಅವನ ಕೈ ತಾನಾಗಿ ನಿಲ್ಲುತ್ತಿತ್ತು. ನಾಲ್ಕು ಗಂಟೆಗೂ ನಿಲ್ಲುತ್ತಿತ್ತು. ಮೇಸ್ತ್ರಿ ಕೂಗಿದ ಮೇಲೆ ಮತ್ತೆ ಕೆದಕುತ್ತಿದ್ದ.

ಒಂದು ವರ್ಷವಾದ ಮೇಲೆ ಅಳಿಯನಿಂದ ಕಾಗದ ಬಂತು. ಕಣದ ಅಂಚಿನಲ್ಲಿ ಕೂತು ಅಪ್ಪಯ್ಯನಿಗೆ ಓದಿ ಹೇಳಿದೆ. ಅತ್ತೆ ಈಗ ಇಂಗ್ಲಿಷ್ ಮಾತಾಡುವುದೇ ಇಲ್ಲ, ಏನೋ ಬೇರೆ ಶಬ್ದಗಳನ್ನು ದಿನವೆಲ್ಲ ಕೂಗುತ್ತಾರೆ, ನಿಮ್ಮ ಭಾಷೆಯಿರಬಹುದೇ ಎಂದು ನನಗೆ ಈಚೆಗೆ ಅನುಮಾನ ಬಂತು, ಕೇಳಿಸಿದಂತೆ ಬರೆದಿದ್ದೇನೆ, ಅರ್ಥ ತಿಳಿಸಬಹುದೇ. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದರ ಕೆಳಗೊಂದು ಬರೆದಿದ್ದ. ನಾನು ಜೋರಾಗಿ ಓದಿದೆ.

"ನೀರ್ ಕಾಯ್ತಾ. ಬಾಗ್ಲು ತೆಗಿ. ಚಳಿ ಆಗ್ತೈತೆ. ಪುಟ್ಟಯ್ಯ ಎಲ್ಲೋದ."

ಪುಟ್ಟಯ್ಯ ಎಂದರೆ ಅಪ್ಪಯ್ಯ. ಅವನು ಹಲುಬೆಯನ್ನು ಕೆಳಗಿಟ್ಟ.

"ಇನ್ನೊಂದ್ಸಲ ಓದು."

ಓದಿದೆ. ಅಂದೇ ಹೆಗ್ಗದ್ದೆಯ ಪೋಸ್ಟಾಫೀಸಿಗೆ ಓಡಿ ವಿದೇಶಕ್ಕೆ ಹೋಗುವ ನೀಲಿ ಕಾಗದ ತಂದೆ. ಜಗಲಿಯ ಮೇಲೆ ಕೂತು ಅಪ್ಪಯ್ಯ ಹೇಳುತ್ತ ಹೋದ. ಕಾಲಿಗೆ ಎರಡು ಕಂಬಳಿ ಬೇಕು, ಒಂದು ಸಾಲದು. ಟೀಗೆ ಹಾಲು ಆಮೇಲೆ ಹಾಕಬೇಕು. ಮೊಟ್ಟೆ ಮೂರು ನಿಮಿಷ, ಹಳದಿ ಗಟ್ಟಿಯಾದರೆ ಮುಟ್ಟುವುದಿಲ್ಲ. ಮಲಗುವಾಗ ಬಾಗಿಲು ಪೂರ್ತಿ ಹಾಕಬಾರದು, ಬೆಳಕು ಬರುವಷ್ಟು ತೆರೆದಿರಬೇಕು. ಪುಟ್ಟಯ್ಯ ಎಲ್ಲೆಂದು ಕೇಳಿದರೆ ಅಡುಗೆಮನೇಲಿ ಅವ್ನೆ, ಬತ್ತಾನೆ ಎನ್ನಬೇಕು. ಇಡೀ ಮಧ್ಯಾಹ್ನ ಹೇಳಿದ. ನನ್ನ ಎಂಟನೆಯ ಕ್ಲಾಸಿನ ಇಂಗ್ಲಿಷಿಗೆ ಅರ್ಧವೂ ನಿಲುಕಲಿಲ್ಲ, ಕಾಗದದಲ್ಲಿ ಜಾಗವೂ ಇರಲಿಲ್ಲ. ನಾಲ್ಕು ಮಾತಿನ ಅರ್ಥ, ಕಂಬಳಿ ಮತ್ತು ಬಾಗಿಲಿನ ವಿಷಯ ಬರೆದು ಮಡಚಿದೆ. ಎಲ್ಲಾ ಬರುದ್ಯಾ ಎಂದು ಕೇಳಿದ. ನಾನು ಕಾಗದದ ಅಂಚಿಗೆ ಅಂಟು ಸವರಿ ಮುಚ್ಚಿದ ಮೇಲೆ, ಎಲ್ಲಾ ಬರ್ದಿದ್ದೀನಿ ಎಂದೆ.

ಉತ್ತರ ಎರಡು ತಿಂಗಳಿಗೆ ಬಂತು. ನಮ್ಮ ಕಾಗದ ತಲುಪುವ ಹತ್ತು ದಿನ ಮೊದಲೇ ದೊರೆಸಾನಿ ತೀರಿಕೊಂಡಿದ್ದರು. ಅಳಿಯ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅಲ್ಲಿನ ಡಾಕ್ಟರು ಆ ಕೂಗುಗಳನ್ನು ಅರ್ಥವಿಲ್ಲದ ಗದ್ದಲ ಎಂದುಕೊಂಡು, ಉಳಿದವರಿಗೆ ತೊಂದರೆಯಾಗುತ್ತದೆಂದು ನಿದ್ದೆಯ ಮದ್ದು ಕೊಡುತ್ತಿದ್ದರಂತೆ. ಕೊನೆಯ ವಾರಗಳಲ್ಲಿ ಅವರು ಹೆಚ್ಚು ಎಚ್ಚರವಿರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ನನಗೆ ಬಹಳ ನೋವಾಯಿತು, ನಾನು ಮೊದಲೇ ಬರೆಯಬೇಕಿತ್ತು, ಎಂದು ಮುಗಿಸಿದ್ದ. ನಾನು ಒಂದಕ್ಷರ ಬಿಡದೆ ಹೇಳಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ಒರಗಿ ಕೇಳಿದಳು.

"ಚಳಿ ಆಗ್ತೈತೆ ಅಂತ ನಮ್ ಮಾತಲ್ಲಿ ಕೂಗಿ ಕೂಗಿ ಸತ್ತವ್ರೆ. ಒಂದ್ ಜೀವಕ್ಕಾದ್ರೂ ತಿಳೀಲಿಲ್ವಲ್ಲ" ಎಂದು ಸೆರಗು ಬಾಯಿಗೆ ಇಟ್ಟುಕೊಂಡಳು. ಅಪ್ಪಯ್ಯ ಎದ್ದು ಕಣಕ್ಕೆ ಹೋದ.

ಆ ವರ್ಷದ ಪಿತೃಪಕ್ಷಕ್ಕೆ ಅವ್ವ ಎಂದಿನಂತೆ ಸತ್ತ ಹಿರಿಯರಿಗೆ ಎಡೆ ಇಟ್ಟಳು. ಗೋಡೆಯ ಬುಡದಲ್ಲಿ ಬಾಳೆ ಎಲೆಗಳ ಸಾಲು. ತಾತನಿಗೆ ಕೋಳಿ ಸಾರು ಕಡುಬು, ಅಜ್ಜಿಗೆ ಪಾಯಸ ಮತ್ತು ಎಲೆ ಅಡಿಕೆ. ಯಾರಿಗೆ ಏನು ಇಷ್ಟವಿತ್ತೋ ಅದು. ಕಣದಿಂದ ಬಂದ ಅಪ್ಪಯ್ಯ ಸಾಲು ನೋಡಿದ. ಕೊನೆಯಲ್ಲಿ ಏನೂ ಬಡಿಸದ ಒಂದು ಎಲೆ ಇತ್ತು.

"ಇದ್ಯಾರಿಗೆ?"

"ದೊರೆಸಾನಿಗೆ" ಎಂದಳು ಅವ್ವ. "ಅವ್ರ್ ಕಡೇರು ಎಡೆ ಗಿಡೆ ಇಡೋ ಪೈಕಿ ಅಲ್ಲ. ಅವ್ರಿಗೇನ್ ಇಷ್ಟ ನಂಗೊತ್ತಿಲ್ಲ. ನೀನೇ ಮಾಡಿಡು. ನಮ್ಮೊಲೇಲೇ ಮಾಡು, ಪರ್ವಾಗಿಲ್ಲ."

ಅಪ್ಪಯ್ಯ ಬಹಳ ಹೊತ್ತು ಆ ಎಲೆ ನೋಡುತ್ತ ನಿಂತಿದ್ದ. ಮಾಡುತ್ತಾನೆ ಎಂದುಕೊಂಡು ನಾನು ಒಲೆಯ ಹತ್ತಿರ ಜಾಗ ಬಿಟ್ಟೆ.

"ನಾವ್ ಇಡಂಗಿಲ್ಲ ಕಣೇ."

"ಯಾಕೆ?"

"ಮಗ ಇಡ್ಬೇಕು, ಇಲ್ಲ ತಮ್ಮ ಇಡ್ಬೇಕು. ಆಳು ಇಡ್ತಾನಾ?"

"ಮೂವತ್ತೊರ್ಸ ಉಣ್ಣಕ್ಕಿಕ್ಕಿದ್ದೀಯಲ್ಲ?"

"ಅದು ಕೆಲ್ಸ" ಎಂದ ಅಪ್ಪಯ್ಯ.

ಅವನು ತನ್ನ ತಂದೆ ತಾಯಿಗಳ ಎಲೆಯ ಮುಂದೆ ಧೂಪ ಹಾಕಿ ಅಡ್ಡಬಿದ್ದ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ನಾವು ಮೂವರೂ ಹೊರಗೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅವ್ವ ಎದ್ದು ಬಾಗಿಲು ತೆರೆದು ಒಳಗೆ ಹೋದಳು, ಆ ಖಾಲಿ ಎಲೆಯನ್ನು ಎತ್ತಿ ಎರಡಾಗಿ ಮಡಚಿ ತಂದು ಅಂಗಳದಲ್ಲಿ ಮೇಯುತ್ತಿದ್ದ ದನದ ಬಾಯಿಗೆ ಕೊಟ್ಟಳು.